ಕೌದಿಯೂ ಕೊಡುಗೆಯೂ

ಚಳಿಗಾಲವು ಸಮೀಪಿಸುತ್ತಲೇ ನಮ್ಮ ಶಾಲೆಯ ಬಾಗಿಲಿಗೆ ಹಳೆಯ ಬಟ್ಟೆಗಳ ಗಂಟುಗಳು ಬರಲಾರಂಭಿಸುವುದು ವಾಡಿಕೆ. ಬಡಬಗ್ಗರಿಗೆ ಕೌದಿ ಹೊಲಿಯಿಸಿ ಕೊಡಿರೆಂದು ಇವನ್ನು ಕಳುಹಿಸುವವರು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಈಗಿನ ಮಕ್ಕಳ ತಾಯಿತಂದೆಗಳೂ ಆಗಿರುತ್ತಾರೆ. ಅವರ ಉದ್ದೇಶವು ನಿರ್ಮಲವಾದದ್ದೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಈ ಸಂಚಿಕೆಯು ಅವರೆಲ್ಲರ ಕೈಗೂ ತಲುಪುವುದರಿಂದ, ಒಂದು ಮಾತನ್ನು ಇಲ್ಲಿ ಬಿಚ್ಚಿ ಹೇಳುವುದು ಮುಖ್ಯೋಪಾಧ್ಯಾಯಿನಿಯ ಕರ್ತವ್ಯವೆಂದು ಭಾವಿಸಿದ್ದೇವೆ. ಗಂಟನ್ನು ಕಳುಹಿಸುವುದು ದಾನದ ಆರಂಭವೇ ಹೊರತು ದಾನವಲ್ಲ. ಬಟ್ಟೆಗಿಂತ ಮೊದಲು ಕೊಡಬೇಕಾದದ್ದು ನಮ್ಮ ಕೈ, ಅದರೊಡನೆ ನಮ್ಮ ಹೊತ್ತು.

ಕೌದಿಯೆಂದರೇನೆಂಬುದನ್ನು ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾದುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಅಂಗಿಗಳನ್ನು ಒಗೆದು, ಜೀರ್ಣವಾದ ಭಾಗವನ್ನು ಕತ್ತರಿಸಿ ತೆಗೆದು, ಅಗಲವಾದ ಸೀರೆಯೊಂದನ್ನು ನೆಲದ ಮೇಲೆ ಹಾಸುವರು. ಅದರ ಮೇಲೆ ಉಳಿದ ಬಟ್ಟೆಯನ್ನು ಪದರು ಪದರಾಗಿ ಸುಕ್ಕಿಲ್ಲದಂತೆ ಹರಡಿ, ಬಣ್ಣದ ತುಂಡುಗಳನ್ನು ಮೇಲೆ ಜೋಡಿಸಿ, ದೊಡ್ಡ ಸೂಜಿಯಿಂದ ಸಾಲುಸಾಲಾಗಿ ಸಾದಾ ಹೊಲಿಗೆ ಹಾಕುವರು. ಇಷ್ಟು ಅಗಲದ ಹಾಸನ್ನು ಒಬ್ಬಳೇ ಕುಳಿತು ಹೊಲಿದರೆ ಬಹಳ ದಿನಗಳು ಬೇಕು. ಪದರುಗಳೂ ಜರುಗಿ ಮುದುಡಿಯಾವು. ಆದುದರಿಂದಲೇ ನೆರೆಹೊರೆಯ ಹೆಂಗಸರು ಬಂದು ಒಂದೊಂದು ಮಗ್ಗುಲಿಗೆ ಕುಳಿತುಕೊಳ್ಳುವರು. ಇಂದು ಈಕೆಯ ಮನೆಯ ಕೌದಿ, ನಾಳೆ ಆಕೆಯ ಮನೆಯದು. ಹೊಲಗೆಲಸಕ್ಕೆ ಮುಯ್ಯಾಳು ಹೋಗುವಂತೆ ಇಲ್ಲಿಯೂ ಮುಯ್ಯಿಗೆ ಮುಯ್ಯಿ. ಈ ಏರ್ಪಾಟಿನಲ್ಲಿ ಕೊಟ್ಟವಳು ದೊಡ್ಡವಳಲ್ಲ, ಪಡೆದವಳು ಸಣ್ಣವಳಲ್ಲ.

ಇಂಥ ಹಾಸಿನ ಸುತ್ತ ಕುಳಿತವರು ಬಾಯಿ ಮುಚ್ಚಿಕೊಂಡು ಹೊಲಿಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಅದನ್ನು ಹರಟೆಯೆಂದು ಹೀಗಳೆಯುವವರಿದ್ದಾರೆ. ನಮ್ಮ ಅಭಿಪ್ರಾಯವು ಬೇರೆ. ಯಾರ ಮಗಳು ಬಾಣಂತಿತನಕ್ಕೆ ಬಂದಿದ್ದಾಳೆ, ಯಾರ ಮನೆಯ ಮುದುಕಿಗೆ ರಾತ್ರಿಯೆಲ್ಲ ಕೆಮ್ಮು, ಯಾರ ಒಲೆ ಎರಡು ದಿನಗಳಿಂದ ಹೊತ್ತಿಲ್ಲ ಎಂಬ ವರ್ತಮಾನಗಳು ಆ ಮಾತಿನ ನಡುವೆಯೇ ಹೊರಬೀಳುವುವು. ಯಾರಿಗೆ ಏನು ಬೇಕೆಂದು ತಿಳಿಯದವನ ದಾನವು ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ. ಸ್ನೇಹವಿದ್ದಲ್ಲಿ ಆ ತಿಳಿವಳಿಕೆ ಕೇಳದೆಯೇ ಬರುವುದು. ಕೇಳುವ ಅವಮಾನವೂ ಬಡವಳಿಗೆ ತಪ್ಪುವುದು.

ಇನ್ನು ಕಲೆಯ ಮಾತು. ತನಗೆ ಚಿತ್ರ ಬರೆಯಲು ಬಾರದೆಂದು ಕಾಗದವನ್ನು ಮುಚ್ಚಿಡುವ ಹುಡುಗಿಯ ಕೈಗೆ ಹತ್ತು ಬಣ್ಣದ ತುಂಡುಗಳನ್ನು ಕೊಟ್ಟರೆ, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂದು ಆಕೆಯೇ ನಿಶ್ಚಯಿಸುವುದನ್ನು ಹೊಲಿಗೆಯ ತರಗತಿಯಲ್ಲಿ ನಾವು ನೋಡುತ್ತ ಬಂದಿದ್ದೇವೆ. ಬೇಕಾದ ಬಣ್ಣವು ಸಾಲದೆ ಹೋದಾಗ ಇದ್ದುದರಲ್ಲಿಯೇ ಅಂದವನ್ನು ಹುಡುಕುವಳು. ಆದಕಾರಣ ಒಂದು ಕೌದಿಯಂತೆ ಮತ್ತೊಂದಿಲ್ಲ. ಹೊಲಿದವಳ ಬುದ್ಧಿಯ ಗುರುತು ಪ್ರತಿಯೊಂದರಲ್ಲಿಯೂ ನಿಲ್ಲುವುದು.

ಈ ವಿದ್ಯೆಯಲ್ಲಿ ಅತಿಶಯವಾದ ನೈಪುಣ್ಯವನ್ನು ನೋಡಬೇಕೆಂಬವರು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡುಹಳ್ಳಿಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಪೂರ್ವಿಕರು ಆಫ್ರಿಕ ಖಂಡದವರು. ಅವರಲ್ಲಿ ಅನೇಕರು ಪೋರ್ತುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರು. ಇಂದು ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕವಂದಿಯೆಂದು ಕರೆಯಲ್ಪಡುವ ಕೌದಿಯು ಮೂವರ ಮನೆಯಲ್ಲಿಯೂ ಉಂಟು. ಕೆಲವದರಲ್ಲಿ ಶಿಲುಬೆಯ ಆಕಾರ, ಕೆಲವದರಲ್ಲಿ ಅರ್ಧಚಂದ್ರ. ಹೊಲಿಗೆಯ ಕ್ರಮ ಮಾತ್ರ ಒಂದೇ. ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಸುತ್ತುತ್ತ ಬಂದು ನಡುವಿನಲ್ಲಿ ಮುಗಿಸುವರು. ನಾಲ್ಕು ಮೂಲೆಗಳಲ್ಲಿಯೂ ಮಡಿಸಿ ಹೊಲಿದ ತ್ರಿಕೋನದ ‘ಫೂಲ’ಗಳು ಇರಲೇಬೇಕು, ಅವಿಲ್ಲದ ಕೌದಿಯು ಬರಿಮೈಯದೆಂದು ಅವರ ಎಣಿಕೆ. 2004ರಲ್ಲಿ ಈ ಹೆಂಗಸರು ಕೌದಿಯ ಕೆಲಸಕ್ಕಾಗಿ ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕ್ ನಗರದ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿಸಲ್ಪಟ್ಟವು. ನಾವು ಯಾರನ್ನು ಕೊಡುಗೆಗೆ ಪಾತ್ರರೆಂದು ಎಣಿಸುತ್ತೇವೋ ಅಂಥವರೇ ಈ ವಿದ್ಯೆಯಲ್ಲಿ ನಮಗೆ ಗುರುಗಳಾಗಿದ್ದಾರೆಂಬುದನ್ನು ನಮ್ಮ ಹುಡುಗಿಯರು ಮರೆಯಬಾರದು.

ಕೊಡಲು ಮನೆಯಲ್ಲಿ ಏನಾದರೂ ಹೆಚ್ಚಿಗೆ ಇರಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲವೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳುವೆವು. 1942ನೆಯ ಇಸವಿ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಯಿತು. ಅಲ್ಲಿದ್ದ ಬ್ರಿಟಿಷರೇ ಮೊದಲಾದವರ ಹೆಂಗಸರನ್ನೂ ಮಕ್ಕಳನ್ನೂ ಗಂಡಸರಿಂದ ಬೇರ್ಪಡಿಸಿ ಚಾಂಗಿ ಸೆರೆಮನೆಯಲ್ಲಿಟ್ಟರು. ಗಂಡಂದಿರು ಬದುಕಿದ್ದಾರೋ ಇಲ್ಲವೋ ಎಂಬುದು ಕೂಡ ಅನೇಕರಿಗೆ ತಿಳಿಯದು. ಆಗ ಕೆನಡ ದೇಶದ ಎಥೆಲ್ ಮಲ್ವನಿ ಎಂಬಾಕೆಯು ಒಂದು ಉಪಾಯವನ್ನು ಸೂಚಿಸಿದಳು. ಒಬ್ಬೊಬ್ಬಳಿಗೆ ಆರು ಅಂಗುಲ ಚೌಕದ ಬಟ್ಟೆ. ಅದರ ಮೇಲೆ ಆಕೆ ತನ್ನ ಹೆಸರನ್ನೂ ತನ್ನ ಮನಸ್ಸಿಗೆ ಬಂದ ಯಾವುದಾದರೊಂದು ಚಿತ್ರವನ್ನೂ ಕಸೂತಿ ಹಾಕಬೇಕು. 66 ಚೌಕಗಳನ್ನು ಸೇರಿಸಿ ಒಂದೊಂದರಂತೆ ಮೂರು ಕೌದಿಗಳಾದವು. ಒಂದು ಗಾಯಗೊಂಡ ಬ್ರಿಟಿಷ್ ಸೈನಿಕರಿಗೆ, ಒಂದು ಆಸ್ಟ್ರೇಲಿಯದವರಿಗೆ, ಮತ್ತೊಂದು ತಮ್ಮನ್ನು ಸೆರೆಯಲ್ಲಿಟ್ಟಿದ್ದ ಜಪಾನೀಯರ ಗಾಯಾಳುಗಳಿಗೆ! ಹೆಸರನ್ನು ಕಂಡ ಗಂಡಂದಿರಿಗೆ ಹೆಂಡತಿಯು ಜೀವದಿಂದಿರುವಳೆಂಬ ಸುದ್ದಿಯೂ ತಲುಪಲೆಂಬುದು ಆ ಹೊಲಿಗೆಯ ಒಳಗಣ ಆಶೆ. ಇವುಗಳಲ್ಲಿ ಎರಡು ಆಸ್ಟ್ರೇಲಿಯದ ಕ್ಯಾನ್‌ಬೆರದ ಯುದ್ಧ ಸ್ಮಾರಕದಲ್ಲಿಯೂ ಒಂದು ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯಲ್ಲಿಯೂ ಇಂದಿಗೂ ಇವೆ.

ಅದೇ ಸೆರೆಮನೆಯಲ್ಲಿ ಎಲಿಜಬೆತ್ ಎನಿಸ್ ಎಂಬಾಕೆಯು ಹುಡುಗಿಯರ ಗೈಡ್ ದಳವೊಂದನ್ನು ನಡೆಸುತ್ತಿದ್ದಳು. ದಳದ ಹುಡುಗಿಯರು ಆಕೆಯ ಹುಟ್ಟುಹಬ್ಬಕ್ಕೆಂದು ಸಿಕ್ಕ ಚಿಂದಿಗಳನ್ನು ಆರು ಮೂಲೆಯ ತುಂಡುಗಳಾಗಿ ಕತ್ತರಿಸಿ, ಹಳೆಯ ಬಟ್ಟೆಯಿಂದ ಎಳೆ ಬಿಡಿಸಿ ದಾರ ಮಾಡಿಕೊಂಡು, ಆಕೆಗೆ ತಿಳಿಯದಂತೆ ಕೌದಿಯೊಂದನ್ನು ಹೊಲಿದರು. ಅದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ. ಅವರು ನಮ್ಮ ಶಾಲೆಯ ಮಕ್ಕಳ ವಯಸ್ಸಿನವರು. ಹೊಟ್ಟೆ ತುಂಬ ಅನ್ನವಿಲ್ಲದಿದ್ದಾಗಲೂ ತಮ್ಮ ಉಪಾಧ್ಯಾಯಿನಿಗೆ ಏನಾದರೂ ಕೊಡಬೇಕೆಂದು ಅವರಿಗೆ ತೋರಿತು.

ಇದಕ್ಕೆ ಪ್ರತಿಯಾದ ಚಿತ್ರವೂ ನಮ್ಮ ಕಾಲದಲ್ಲಿಯೇ ಇದೆ. 2004ನೆಯ ಡಿಸೆಂಬರಿನಲ್ಲಿ ಸುನಾಮಿಯು ತಮಿಳುನಾಡಿನ ನಾಗಪಟ್ಟಣದ ಕರಾವಳಿಯನ್ನು ಹಾಳುಮಾಡಿದಾಗ ದೇಶದ ನಾನಾ ಕಡೆಗಳಿಂದ ಲಾರಿಗಟ್ಟಲೆ ಹಳೆಯ ಬಟ್ಟೆ ಹೋಯಿತು. ಬಹುಭಾಗವು ಉಡಲು ಬಾರದೆ ರಸ್ತೆಯ ಬದಿಯಲ್ಲಿ ರಾಶಿಬಿದ್ದಿತು. ದುಡಿದು ಮಾನವಾಗಿ ಬಾಳಿದ ಬೆಸ್ತರು ಪರರ ಹರಕನ್ನು ಮುಟ್ಟಲೊಲ್ಲದೆ ಹೋದರು. ದಿಲ್ಲಿಯ ಗೂಂಜ್ ಎಂಬ ಸಂಸ್ಥೆಯವರು ಆ ರಾಶಿಯನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಹೊಣೆಯನ್ನು ಹೊರಬೇಕಾಯಿತು. ಬಟ್ಟೆಗೆ ಕೊರತೆಯಿರಲಿಲ್ಲ, ಪಡೆಯುವವರನ್ನು ನೆನೆದು ಅದನ್ನು ಆರಿಸಿದ ಕೈಗಳಿಗೆ ಕೊರತೆಯಿತ್ತು.

ಯೊಪ್ಪ ಪಟ್ಟಣದ ದೊರ್ಕಳ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಆಕೆ ತೀರಿಕೊಂಡಾಗ ವಿಧವೆಯರು ಅಳುತ್ತ ನಿಂತು ತೋರಿಸಿದ್ದು ಆಕೆ ತಮ್ಮ ಸಂಗಡ ಇದ್ದಾಗ ಮಾಡಿದ ಅಂಗಿಗಳನ್ನೂ ವಸ್ತ್ರಗಳನ್ನೂ. ‘ಸಂಗಡ ಇದ್ದಾಗ’ ಎಂಬ ಮಾತು ಗಮನಾರ್ಹವಾದದ್ದು.

ನಮ್ಮ ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಅಂಗಡಿಯಲ್ಲಿ ಅಗ್ಗವಾಗಿ ಹೊದಿಕೆಗಳು ದೊರೆಯುವಾಗ ದಿನಗಟ್ಟಲೆ ಕುಳಿತು ಹೊಲಿಯುವುದೇಕೆ ಎಂಬುದು ಮೊದಲನೆಯದು. ನೆರೆ ಬಂದು ಜನರು ಬಯಲಿನಲ್ಲಿ ನಡುಗುತ್ತಿರುವಾಗ ಕೌದಿ ಹೊಲಿಯುತ್ತ ಕೂಡಬೇಕೆಂದು ನಾವು ಹೇಳುವುದಿಲ್ಲ. ಆಗ ಹಣವನ್ನೂ ಹೊಸ ಹೊದಿಕೆಯನ್ನೂ ಆ ಕ್ಷಣವೇ ಕಳುಹಿಸತಕ್ಕದ್ದು. ಆದರೆ ನಮ್ಮ ನೆರೆಯಲ್ಲಿಯೇ ವರುಷವಿಡೀ ಇರುವ ಬಡತನಕ್ಕೆ ಹೊದಿಕೆಯೊಂದೇ ಮದ್ದಲ್ಲ, ಒಡನಾಟವೂ ಬೇಕು. ಎರಡನೆಯ ಆಕ್ಷೇಪಣೆ ಪರೀಕ್ಷೆಯದು. ಸೂಜಿಯಿಂದ ಹುಡುಗಿಯರನ್ನು ಮತ್ತೆ ಒಲೆಯ ಮೂಲೆಗೆ ಕಟ್ಟಿಹಾಕುವಿರೋ ಎಂದೂ ಕೆಲವು ತಂದೆಗಳು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಗೌರವಿಸುತ್ತೇವೆ. ಹೆಣ್ಣುಮಕ್ಕಳು ವೈದ್ಯರೂ ಎಂಜಿನಿಯರರೂ ಆಗಬೇಕೆಂದೇ ನಾವು ದುಡಿಯುತ್ತಿರುವವರು. ಆದರೆ ವಾರಕ್ಕೆ ಒಂದು ತಾಸು ಅಧಿಕಾರಿಯ ಮಗಳೂ ಕೂಲಿಯವಳ ಮಗಳೂ ಒಂದೇ ಹಾಸಿನ ಎರಡು ಮಗ್ಗುಲಿಗೆ ಕುಳಿತು ಹೊಲಿದರೆ ಯಾವ ಪರೀಕ್ಷೆಗೂ ಹಾನಿಯಿಲ್ಲ. ಅಂಕಗಳ ಪಟ್ಟಿಯು ಅವರಿಬ್ಬರನ್ನು ಬೇರೆಬೇರೆ ಸಾಲಿನಲ್ಲಿ ನಿಲ್ಲಿಸುವುದು. ಕೌದಿಯು ಒಟ್ಟಿಗೆ ಕೂರಿಸುವುದು.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ನಮ್ಮ ನಾಡಿನಲ್ಲಿದ್ದಾರೆ. ಅವರೊಡನೆ ಹತ್ತು ರೂಪಾಯಿಗಾಗಿ ಚೌಕಾಶಿ ಮಾಡಿ, ಅದೇ ಸಂಜೆ ಧರ್ಮಕಾರ್ಯಕ್ಕೆ ಹಣ ಬರೆಯಿಸುವುದು ಶೋಭಿಸದು. ಕಸಬಿನವಳಿಗೆ ಅವಳ ಕೆಲಸಕ್ಕೆ ತಕ್ಕ ಬೆಲೆಯನ್ನು ಕೊಡುವುದು ದಾನವಲ್ಲ, ನ್ಯಾಯ. ದಾನವು ನ್ಯಾಯದ ಸ್ಥಾನವನ್ನು ಆಕ್ರಮಿಸಕೂಡದು.

ಆದುದರಿಂದ ನಮ್ಮ ವಿಜ್ಞಾಪನೆಯು ಇಷ್ಟು. ಬಟ್ಟೆಯನ್ನು ಕಳುಹಿಸುವವರು, ತಮ್ಮ ಮಗುವಿಗೆ ಹೊದಿಸಲು ತಕ್ಕುದಾದದ್ದನ್ನು ಮಾತ್ರ, ಒಗೆದು ಕಳುಹಿಸಿರಿ. ಬರಲು ಶಕ್ಯವಿಲ್ಲದವರು ಕೌದಿಯ ಕಸಬಿನವರಿಂದ ಚೌಕಾಶಿಯಿಲ್ಲದೆ ಒಂದನ್ನು ಕೊಂಡು, ಬೇಕಾದವರಿಗೆ ತಾವೇ ಹೋಗಿ ಮುಟ್ಟಿಸಿರಿ. ಕೊಟ್ಟವರ ಹೆಸರನ್ನು ಕೌದಿಯ ಮೇಲೆ ಹಾಕುವ ಆಶೆ ಬೇಡ. ಚಾಂಗಿಯಲ್ಲಿ ಹೆಸರು ಒಂದು ಸಂದೇಶವಾಗಿತ್ತು. ಇಲ್ಲಿ ಅದು ಹೊದೆಯುವವರಿಗೆ ಹೊರೆಯಾದೀತು. ಸಾಧ್ಯವಾದವರು ತಿಂಗಳಿಗೊಂದು ಮಧ್ಯಾಹ್ನ ಶಾಲೆಗೆ ಬಂದು ಮಕ್ಕಳೊಡನೆ ಹಾಸಿನ ಸುತ್ತ ಕುಳಿತುಕೊಳ್ಳಿರಿ. ಹೊಲಿಗೆ ಬಾರದೆಂಬ ಸಂಕೋಚ ಬೇಡ. ಸಾದಾ ಹೊಲಿಗೆಯು ಒಂದೇ ದಿನದಲ್ಲಿ ಕೈಗೆ ಹತ್ತುವುದು. ಸೂಜಿ ದಾರಗಳು ಇಲ್ಲಿವೆ. ಕಣ್ಣು ಮಂದವಾದವರಿಗೆ ದಾರ ಪೋಣಿಸಿಕೊಡಲು ಎಂಟನೆಯ ತರಗತಿಯ ಮಕ್ಕಳು ಸಿದ್ಧರಾಗಿದ್ದಾರೆ.