ಸ್ಲ್ಯಾಮ್, ಸ್ಕ್ಯಾಮ್ ಕಲಿತರೆ ಇಂಗ್ಲಿಷ್ ಬಂತೇ?

ರಾಜಕೀಯ ಸುದ್ದಿಯ ವಿಡಿಯೋ ತೋರಿಸಿದರೆ ಸಾಕು, ಮಗುವಿಗೆ ಇಂಗ್ಲಿಷ್ ಪದಗಳು ತಾನಾಗಿ ಬರುತ್ತವೆ ಎಂದು ನಂಬಿದ ಪಾಲಕರೇ, ಸ್ವಲ್ಪ ನಿಲ್ಲಿ. ಅಲ್ಲಿ ಸಿಗುವುದೇನು? ಸ್ಲ್ಯಾಮ್, ಸ್ಕ್ಯಾಮ್, ಅಲಿಗೇಶನ್! ಅರ್ಥ ಹೇಳುವುದು ತೆಲುಗಿನಲ್ಲೋ ಹಿಂದಿಯಲ್ಲೋ. ಬಾಗಿಲು ದಡಾರನೆ ಹಾಕುವುದೂ ಸ್ಲ್ಯಾಮೇ ಎಂದು ಯಾರೂ ಹೇಳುವುದಿಲ್ಲ. ಪರದೆಯ ಕೆಳಗೆ 'ಸಿಎಂ ಟು ವಿಸಿಟ್ ಜಹೀರಾಬಾದ್' ಎಂದು ಓಡುತ್ತದೆ. ಅದರಲ್ಲಿ 'ಈಸ್' ಎಲ್ಲಿದೆ? ಪರೀಕ್ಷೆಯಲ್ಲಿ ಹಾಗೇ ಬರೆದರೆ ಮಾರ್ಕ್ಸ್ ಹೋಗುವುದು ಮಗುವಿನದು, ಚಾನೆಲ್ಲಿನವರದಲ್ಲ.

ಸುದ್ದಿಯೇ ಬೇಡ ಎನ್ನುತ್ತಿಲ್ಲ. ಸುದ್ದಿಯ ಪದವನ್ನು ಕನ್ನಡದಲ್ಲಿ, ನಮ್ಮ ಊರಿನ ಕಥೆ ಹೇಳಿ ಕಲಿಸಿ. 'ರಿಆರ್ಗನೈಸೇಶನ್' ಎಂದರೆ ಪುನರ್ವಿಂಗಡಣೆ. 1956ರ ಆ ಕಾಯ್ದೆಯೇ ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲನ್ನು ಹೆಸರು ಹಿಡಿದು ಆಂಧ್ರಪ್ರದೇಶಕ್ಕೆ ಸೇರಿಸಿತು. 'ಡಿಲಿಮಿಟೇಶನ್' ಎಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸುವುದು. 2008ರಲ್ಲಿ ಜಹೀರಾಬಾದ್ ಲೋಕಸಭಾ ಕ್ಷೇತ್ರ ಹುಟ್ಟಿದ್ದು ಅದರಿಂದಲೇ. ಹೀಗೆ ಕಲಿತ ಪದ ಮರೆಯುವುದುಂಟೇ?

ಇದನ್ನು ಹೇಳಬಲ್ಲವರು ಕನ್ನಡ ಶಾಲೆಯ ಮಾಸ್ತರರು, ಮೊಬೈಲ್ ಅಲ್ಲ. ಇಂಗ್ಲಿಷಿನ ಆಸೆಗೆ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಮುನ್ನ ಯೋಚಿಸಿ... ಇಂಗ್ಲಿಷಿಗೆ ಹತ್ತುವ ಏಣಿ ಕನ್ನಡವೇ. ಏಣಿ ಒದ್ದು ಅಟ್ಟ ಹತ್ತಿದವರುಂಟೇ?