ಒಂದೇ ಗಂಟೆಯಲ್ಲಿ ಕಪ್ಪಾಗುವ ಮೈಲಾಂಜಿಯೊಳಗೆ ಏನಿದೆ?

ಮದುವೆ ಸೀಸನ್ ಬಂತೆಂದರೆ ಉಪ್ಪಳ, ಕುಂಬಳೆ, ಕಾಸರಗೋಡಿನ ಫ್ಯಾನ್ಸಿ ಅಂಗಡಿಗಳಲ್ಲಿ ಮೆಹಂದಿ ಕೋನ್‌ಗಳ ಪೆಟ್ಟಿಗೆ ಮುಂದೆ ಬಂದು ಕೂರುತ್ತದೆ. ಕೊಳ್ಳುವವರು ಕೇಳುವುದು ಎರಡೇ: ಬೇಗ ಹಿಡಿಯುತ್ತಾ? ಕಪ್ಪು ಬರುತ್ತಾ? ಅಸಲಿ ಮದರಂಗಿ ಎಲೆಯಿಂದ ಈ ಎರಡೂ ಆಗುವುದಿಲ್ಲ.

ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮಕ್ಕೆ ಇಳಿಯಲು ಗಂಟೆಗಟ್ಟಲೆ ಬೇಕು. ತೆಗೆದ ಕೂಡಲೇ ಕಾಣುವುದು ಕಿತ್ತಳೆ ಬಣ್ಣ. ಒಂದೆರಡು ದಿನ ಕಳೆದ ಮೇಲೆ ಕಡು ಕಂದಾಗುತ್ತದೆ, ಅಷ್ಟೇ. ಒಂದು ಗಂಟೆಯೊಳಗೆ ಮಸಿಯಂತೆ ಕಪ್ಪಾಯಿತು ಅಂದರೆ ಅದರಲ್ಲಿ ಬೇರೇನೋ ಸೇರಿದೆ. ಸಾಮಾನ್ಯವಾಗಿ ಅದು ಪ್ಯಾರಾ-ಫಿನೈಲಿನ್‌ಡಯಮೈನ್, ಚಿಕ್ಕದಾಗಿ ಪಿಪಿಡಿ. ತಲೆಗೂದಲಿನ ಕಪ್ಪು ಡೈಯಲ್ಲಿ ಇರುವ ರಾಸಾಯನಿಕವೇ ಇದು.

ಪಿಪಿಡಿ ನಿಷೇಧಿತ ವಸ್ತುವೇನಲ್ಲ. ಆದರೆ ಅದಕ್ಕೆ ಅನುಮತಿ ಇರುವುದು ಕೂದಲಿಗೆ. ಯುರೋಪಿಯನ್ ಯೂನಿಯನ್ ಕೂದಲಿಗೂ ಶೇ. 2ರ ಮಿತಿ ಹಾಕಿದೆ. ಚರ್ಮಕ್ಕೆ ಹಚ್ಚಲು ಅಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ನಮ್ಮ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಪಿಪಿಡಿ ಇರುವ ಹೇರ್ ಡೈ ಪ್ಯಾಕೆಟಿನ ಮೇಲೆ, ಇದು ಕೆಲವರ ಚರ್ಮ ಕೆರಳಿಸಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬು-ರೆಪ್ಪೆಗೆ ಹಚ್ಚಬೇಡಿ ಅಂತ ಅಚ್ಚು ಹಾಕಲೇಬೇಕು. ವಿಚಿತ್ರ ನೋಡಿ, ಡೈ ಪ್ಯಾಕೆಟಿಗೆ ಇರುವ ಈ ಎಚ್ಚರಿಕೆ ಮದುಮಗಳ ಕೈಗೆ ಹಾಕುವ ಕೋನ್ ಮೇಲೆ ಕಾಣಿಸುವುದಿಲ್ಲ.

ಇದರ ಅಪಾಯ ಬೇಗ ಗೊತ್ತಾಗದಿರುವುದಕ್ಕೆ ಕಾರಣವಿದೆ. ಮೊದಲ ಸಲ ಹಚ್ಚಿದಾಗ ಬಹಳ ಮಂದಿಗೆ ಏನೂ ಆಗುವುದಿಲ್ಲ, ಆದರೆ ದೇಹ ಆ ವಸ್ತುವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಒಂದೆರಡು ದಿನದಲ್ಲಿ ತುರಿಕೆ, ಊತ, ಚಿತ್ರ ಬಿಡಿಸಿದ ಗೆರೆಯಲ್ಲೇ ಗುಳ್ಳೆ. ಕೆಲವರಿಗೆ ಕಲೆ ಉಳಿಯುತ್ತದೆ. ಒಮ್ಮೆ ಈ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ. ಪೆರ್ನಾಳಿಗೆ ಕಪ್ಪು ಮೈಲಾಂಜಿ ಹಾಕಿಸಿಕೊಂಡ ಮಗುವಿಗೆ ನಲ್ವತ್ತರ ವಯಸ್ಸಿನಲ್ಲಿ ತಲೆಗೆ ಡೈ ಹಚ್ಚಿದಾಗ ಮುಖವೆಲ್ಲ ಊದಿಕೊಳ್ಳಬಹುದು. ಆಗ ಬಾಲ್ಯದ ಆ ಕೋನ್ ಯಾರ ನೆನಪಿಗೆ ಬರುತ್ತದೆ?

ಪಿಪಿಡಿ ಒಂದೇ ಅಲ್ಲ. 2024ರಲ್ಲಿ ತೆಲಂಗಾಣದ ಡ್ರಗ್ಸ್ ಕಂಟ್ರೋಲ್ ಇಲಾಖೆ ಹೈದರಾಬಾದಿನಲ್ಲಿ ಮೆಹಂದಿ ಕೋನ್‌ಗಳಲ್ಲಿ ಪಿಕ್ರಾಮಿಕ್ ಆ್ಯಸಿಡ್ ಎಂಬ ಕೃತಕ ಬಣ್ಣ ಇದೆ ಎಂದು ಎಚ್ಚರಿಸಿತು. ಕೇರಳದಲ್ಲಿ 2023ರಲ್ಲಿ ಶುರುವಾದ ‘ಆಪರೇಷನ್ ಸೌಂದರ್ಯ’ ತಪಾಸಣೆಯಲ್ಲಿ ಹೆಚ್ಚು ಸುದ್ದಿಯಾದದ್ದು ಕ್ರೀಮ್, ಲಿಪ್‌ಸ್ಟಿಕ್‌ಗಳ ಪಾದರಸ. ಕೋನ್ ಕಡೆಗೂ ಅಷ್ಟೇ ಗಮನ ಹೋಗಬೇಕಿದೆ.

ಇದರ ವ್ಯಾಪಾರದ ಲೆಕ್ಕ ಸರಳ. ಎಲೆಪುಡಿ, ನಿಂಬೆರಸ, ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ಕಲಸಿದ್ದು ಹೊರಗಿಟ್ಟರೆ ಕೆಲವೇ ದಿನದಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಫ್ರೀಜರ್ ಬೇಕೇ ಬೇಕು. ತಿಂಗಳುಗಟ್ಟಲೆ ಬಿಸಿಲಿಗೆ ನೇತಾಡಿದರೂ ಕೆಡದ ಹತ್ತಿಪ್ಪತ್ತು ರೂಪಾಯಿಯ ಕೋನ್ ಅದೇ ಎಲೆಯದ್ದು ಅಂತ ನಂಬುವುದು ಕಷ್ಟ. ಮನೆಯಲ್ಲಿ ಒಳ್ಳೆಯ ಪುಡಿ ತಂದು ಮಾಡಿ ಮಾರುವ ಹೆಣ್ಣುಮಕ್ಕಳು ಈ ಬೆಲೆಯ ಜೊತೆ ಪೈಪೋಟಿ ಮಾಡಬೇಕು. ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು 1940ರ ಕಾಯ್ದೆಯಡಿ ಲೈಸೆನ್ಸ್ ಬೇಕು ಅನ್ನುವುದೂ ನಿಜ. ಆದರೆ ಇಲಾಖೆ ಮನೆಯವರನ್ನು ಮಾತ್ರ ಹಿಡಿದು ಹೆಸರು, ವಿಳಾಸ ಇಲ್ಲದ ಪೆಟ್ಟಿಗೆಗಳನ್ನು ಬಿಟ್ಟರೆ ಪ್ರಯೋಜನವಿಲ್ಲ.

ಕೊಳ್ಳುವವರು ಕೇಳಬೇಕಾದದ್ದು ಬೇರೆ: ಯಾವಾಗ ಮಾಡಿದ್ದು, ಫ್ರಿಜ್‌ನಲ್ಲಿ ಇಟ್ಟಿದ್ದೀರಾ, ಎಷ್ಟು ಗಂಟೆ ಬಿಡಬೇಕು? ‘ಹತ್ತು ನಿಮಿಷ ಸಾಕು’ ಅಂದರೆ ಅಲ್ಲೇ ಬಿಟ್ಟು ಬರಬಹುದು. ಮದುವೆಗೆ ಎರಡು ದಿನ ಮೊದಲೇ ಹಾಕಿಸಿದರೆ ಎಲೆಯ ಬಣ್ಣವೂ ಆ ಹೊತ್ತಿಗೆ ಕಡು ಆಗಿರುತ್ತದೆ. ಉರಿ, ಗುಳ್ಳೆ ಬಂದವರು ತೊಳೆದು ಚರ್ಮದ ಡಾಕ್ಟರಲ್ಲಿಗೆ ಹೋಗಲಿ, ಕೋನನ್ನು ಎಸೆಯದೆ ಜೊತೆಗೆ ಒಯ್ಯಲಿ. ಮುಂದೆ ಹೇರ್ ಡೈ ಹಚ್ಚುವ ಮೊದಲು, ಹಲ್ಲಿಗೆ ಮರಗಟ್ಟಿಸುವ ಔಷಧ ಹಾಕಿಸಿಕೊಳ್ಳುವ ಮೊದಲು ಈ ಅಲರ್ಜಿ ಇದೆ ಅಂತ ಹೇಳಬೇಕು. ಬೆಂಜೊಕೇನ್‌ನಂಥ ಕೆಲವು ಔಷಧಗಳೂ ಇಂಥವರಿಗೆ ಆಗದಿರಬಹುದು.