ಕೋಣದ ಕಾಲು, ನನ್ನ ಸರ್ಟಿಫಿಕೇಟ್

ಕಳೆದ ವರ್ಷ ಬಿ.ಪಿ.ಟಿ. ಇಂಟರ್ನ್‌ಶಿಪ್ ಮುಗಿಸಿ ಬಿಕರ್ನಕಟ್ಟೆಯ ಮನೆಯಲ್ಲಿ ಕುಳಿತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜುಗಳಿಗೆ ಬರವಿಲ್ಲ. ಕಲಿತು ಹೊರಬಂದವರ ಸಂಬಳಕ್ಕೆ ಮಾತ್ರ ಬರ. ಅಂಥ ಹೊತ್ತಿನಲ್ಲಿ ಮೊಬೈಲಿಗೆ ಒಂದು ಜಾಹೀರಾತು ಬಂತು: ನಡಿಗೆ ತಪ್ಪಿದ ಕುದುರೆಗಳಿಗೆ ಆಸ್ಟಿಯೋಪತಿ ಚಿಕಿತ್ಸೆ, ಆರು ವಾರದ ಆನ್‌ಲೈನ್ ಕೋರ್ಸ್, ಕೊನೆಗೆ ‘ಅಂತಾರಾಷ್ಟ್ರೀಯ’ ಸರ್ಟಿಫಿಕೇಟ್. ಮೊದಲ ಕಂತು 8,000 ರೂಪಾಯಿ. ಅಪ್ಪನ ಹತ್ತಿರ ಕೇಳಿ ಕಟ್ಟಿದೆ.

ನಗಬೇಡಿ. ಬಿಕರ್ನಕಟ್ಟೆಯಲ್ಲಿ ಕುದುರೆ ಎಲ್ಲಿದೆ ಎಂದು ಅಮ್ಮ ಆಗಲೇ ಕೇಳಿದ್ದರು. ಬೆಂಗಳೂರು, ಮೈಸೂರಿನಲ್ಲಿ ರೇಸ್ ಕೋರ್ಸ್ ಇದೆ, ಕುಣಿಗಲ್‌ನಲ್ಲಿ ಕುದುರೆ ಫಾರ್ಮ್ ಇದೆ ಎಂದು ನಾನು ವಾದಿಸಿದ್ದೆ.

ಆಸ್ಟಿಯೋಪತಿ ಹೊಸತೇನಲ್ಲ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಹುಟ್ಟುಹಾಕಿದ ಪದ್ಧತಿ ಅದು. 1892ರಲ್ಲಿ ಮಿಸೌರಿಯ ಕಿರ್ಕ್ಸ್‌ವಿಲ್‌ನಲ್ಲಿ ಅದರ ಮೊದಲ ಕಾಲೇಜು ಶುರುವಾಯಿತು. ಕೈಯಿಂದಲೇ ಕೀಲು, ಸ್ನಾಯುಗಳ ಬಿಗಿತ ಹುಡುಕಿ ಸಡಿಲಗೊಳಿಸುವುದು ಅದರ ತಿರುಳು. ಮನುಷ್ಯರಿಗಾಗಿ ಬಂದದ್ದು ಆಮೇಲೆ ಯುರೋಪಿನಲ್ಲಿ ಕುದುರೆಗಳಿಗೂ ಹೋಯಿತು. ವಿಡಿಯೋದಲ್ಲಿ ನೋಡುವಾಗ ಬಹಳ ಚೆಂದ. 500 ಕಿಲೋ ತೂಗುವ ಪ್ರಾಣಿ ಒಬ್ಬರ ಅಂಗೈಯಡಿ ಕಣ್ಣು ಮುಚ್ಚಿ ತುಟಿ ಜೋತು ಹಾಕಿ ನಿಂತಿರುತ್ತದೆ.

ಮೂರನೇ ವಾರದಲ್ಲಿ ಮೂಡುಬಿದಿರೆ ಕಡೆಯಿಂದ ಮಾವನ ಫೋನ್. “ಎಂತ ಮಾರಾಯ್ತಿ, ನೀನು ಪ್ರಾಣಿಗಳದ್ದೂ ಕಲಿಯುತ್ತಿದ್ದೀಯಂತೆ? ನಮ್ಮ ಕೋಣ ಮುಂದಿನ ಕಾಲು ಎಳೆಯುತ್ತಾ ಇದೆ. ಒಮ್ಮೆ ಬಂದು ನೋಡು.” ನೇಗಿಲು ಕಿರಿಯ ವಿಭಾಗದಲ್ಲಿ ಓಡುವ ಕೋಣ. ಕಂಬಳದ ಸೀಸನ್ ಆಗಷ್ಟೇ ಶುರುವಾಗಿತ್ತು.

ಓಟದ ಕೋಣಗಳ ಆರೈಕೆ ನೋಡದವರಿಗೆ ಹೇಳಬೇಕು. ಬೇಯಿಸಿದ ಹುರುಳಿ, ಹಟ್ಟಿಯಲ್ಲಿ ಫ್ಯಾನ್, ಮೈಗೆ ಎಣ್ಣೆ ತಿಕ್ಕುವುದು, ಕೆಲವು ಮನೆಗಳಲ್ಲಿ ಈಜಲು ಕೊಳ ಕೂಡ ಇರುತ್ತದೆ. ನಾವು ಕಾಲೇಜಿನಲ್ಲಿ ಹೈಡ್ರೋಥೆರಪಿ ಎಂದು ನೋಟ್ಸ್ ಬರೆದುಕೊಂಡದ್ದನ್ನು ಮಾವನ ಮನೆಯ ಆಳು ಹೆಸರಿಲ್ಲದೆ ಮಾಡುತ್ತಿದ್ದರು.

ನಾನು ಹೋಗಿ ಹೆಗಲು ಮುಟ್ಟಿದೆ. ಎಡಗಡೆ ಸ್ನಾಯು ಕಲ್ಲಿನಂತೆ ಬಿಗಿದಿತ್ತು. ಸಿಕ್ಕಿತು ಎಂದುಕೊಂಡೆ. ಮೂರು ದಿನ ಬೆಳಿಗ್ಗೆ ಸಂಜೆ ಕೋರ್ಸಿನಲ್ಲಿ ಹೇಳಿದಂತೆ ಒತ್ತಿ, ಎಳೆದು, ತಿಕ್ಕಿದೆ. ಮಾವ ಹಿಂದೆ ನಿಂತು ಪಕ್ಕದ ಮನೆಯವರಿಗೆಲ್ಲ “ನಮ್ಮ ಹುಡುಗಿ ಡಾಕ್ಟ್ರು” ಎನ್ನುತ್ತಿದ್ದರು. ನಾಲ್ಕನೇ ದಿನ ಕೋಣ ಆ ಕಾಲು ನೆಲಕ್ಕೆ ಊರಲೇ ಇಲ್ಲ, ಹುರುಳಿಯನ್ನೂ ಮೂಸಲಿಲ್ಲ.

ಆಗ ಪಶುವೈದ್ಯರನ್ನು ಕರೆಸಿದೆವು. ಅವರು ಹೆಗಲನ್ನು ಮುಟ್ಟಲೇ ಇಲ್ಲ. ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ ತಲೆಯನ್ನೇ ನೋಡಿದರು. ನೋಯುವ ಮುಂಗಾಲು ಊರುವಾಗ ಪ್ರಾಣಿ ತಲೆ ಮೇಲೆತ್ತುತ್ತದೆ. ಆಮೇಲೆ ಕಾಲೆತ್ತಿಸಿ ಗೊರಸಿನ ಅಡಿಯನ್ನು ಕೆರೆದರು. ಒಂದು ಚೂರು ಜಲ್ಲಿಕಲ್ಲು, ಹಿಂದೆಯೇ ಕಪ್ಪು ಕೀವು. ಕೋಣ ಕಾಲು ನೋವಿಗೆ ಭಾರವನ್ನೆಲ್ಲ ತಪ್ಪಿಸಿ ನಡೆದು ಹೆಗಲು ಬಿಗಿದಿತ್ತು. ನಾನು ತಿಕ್ಕಿದ್ದು ಕಾರಣವನ್ನಲ್ಲ, ಪರಿಣಾಮವನ್ನು. ಗೊರಸು ಬಿಸಿಯಾಗಿತ್ತಲ್ಲ, ಮುಟ್ಟಿ ನೋಡಲಿಲ್ಲವಾ ಎಂದು ಅವರು ಮೆಲ್ಲನೆ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆರು ವಾರದ ಕೋರ್ಸಿನಲ್ಲಿ ಗೊರಸಿಗೆ ಇದ್ದದ್ದು ಒಂದೇ ಸ್ಲೈಡ್. ಕುದುರೆ ಕುಂಟಿದರೂ ಮೊದಲು ನೋಡುವುದು ಪಾದವನ್ನೇ, ಅದೂ ಸಾಲದಿದ್ದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ನರ ಮರಗಟ್ಟಿಸಿ ನೋವು ಎಲ್ಲಿದೆ ಎಂದು ಹುಡುಕುತ್ತಾರೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ.

ಕೈಚಿಕಿತ್ಸೆಯೇ ಸುಳ್ಳು ಎನ್ನುವುದು ನನ್ನ ವಾದವಲ್ಲ. ಪ್ರಾಣಿಗಳಲ್ಲಿ ಅದರ ಪ್ರಯೋಜನಕ್ಕೆ ಗಟ್ಟಿ ಸಾಕ್ಷ್ಯ ಇನ್ನೂ ಕಡಿಮೆ, ಆದರೆ ಗಾಯ ಮಾಗಿದ ಮೇಲೆ ಸ್ನಾಯು ಸಡಿಲಿಸಲು, ಮತ್ತೆ ಓಡಿಸಲು ನುರಿತ ಕೈ ಬೇಕೇ ಬೇಕು. ಪ್ರಶ್ನೆ ಇರುವುದು ಮೊದಲು ಯಾರು ನೋಡಬೇಕು ಎಂಬುದರಲ್ಲಿ. ಬ್ರಿಟನ್ನಿನಲ್ಲಿ ಪಶುವೈದ್ಯರು ನೋಡಿ ಒಪ್ಪಿದ ಮೇಲೆಯೇ ಇಂಥ ಚಿಕಿತ್ಸೆ. ಫ್ರಾನ್ಸಿನಲ್ಲಿ 2017ರ ನಿಯಮದಂತೆ ಪಶುವೈದ್ಯರಲ್ಲದವರು ಪರೀಕ್ಷೆ ಪಾಸಾಗಿ ಹೆಸರು ನೋಂದಾಯಿಸಬೇಕು. ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ಪಶುವೈದ್ಯರಿಗೆ ಬಿಟ್ಟಿದೆ. ಅದಕ್ಕೆ ಐದೂವರೆ ವರ್ಷದ ಓದು. ಅದರ ಮುಂದೆ ಆರು ವಾರದ ‘ಅಂತಾರಾಷ್ಟ್ರೀಯ’ ಕಾಗದ ಇಟ್ಟುಕೊಂಡು ನಾನು ಯಾವ ಲಾಯದ ಬಾಗಿಲು ತಟ್ಟಬೇಕಿತ್ತು?

ಕೋರ್ಸ್ ಮಾರುವವರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಅವರ ಗಿರಾಕಿ ಕುದುರೆಯೂ ಅಲ್ಲ, ಕುದುರೆಯ ಮಾಲೀಕನೂ ಅಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ನಮ್ಮಂಥವರೇ. ಎರಡನೇ ಕಂತು ಕಟ್ಟದೆ ಬಿಟ್ಟೆ, ಮೊದಲನೆಯದು ವಾಪಸ್ ಬರಲಿಲ್ಲ.

ಗೆಳತಿಯೊಬ್ಬಳು ಕೇಳಿದಳು, ಹಳ್ಳಿಯಲ್ಲಿ ಮೂಳೆ ಕಟ್ಟುವವರು ಯಾವ ಕಾಯ್ದೆ ನೋಡಿದ್ದಾರೆ ಎಂದು. ಅವರು ಮುಟ್ಟಿದ ಕಾಲುಗಳೆಷ್ಟು, ನಾನು ಮುಟ್ಟಿದ್ದೆಷ್ಟು? ಅವರದ್ದೂ ಎಲ್ಲ ಸರಿ ಎನ್ನುವುದಿಲ್ಲ, ಆದರೆ ಅವರು ವಿಡಿಯೋ ನೋಡಿ ಕಲಿತವರಲ್ಲ. ನಿಜಕ್ಕೂ ಬೇಕಾದದ್ದು ಬೇರೆ. ಬೀದರ್‌ನ ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಪ್ರಾಣಿಗಳ ಪುನಶ್ಚೇತನಕ್ಕೆ ಒಂದು ಮಾನ್ಯತೆಯ ಕೋರ್ಸ್ ತೆರೆಯಲಿ, ಪಶುವೈದ್ಯರೂ ಫಿಸಿಯೋಗಳೂ ಒಟ್ಟಿಗೆ ಕಲಿಯಲಿ, ಹಟ್ಟಿಯಲ್ಲೇ ತರಬೇತಿಯಾಗಲಿ. ಕಂಬಳ ಇರುವ ಜಿಲ್ಲೆಯಲ್ಲಿ ಅದಕ್ಕೆ ಕೆಲಸ ಸಿಗದೆ ಇರದು.

ಕೋಣ ಆ ಸೀಸನ್ ಓಡಲಿಲ್ಲ. ಮಾವ ಬೇಸರಿಸಲಿಲ್ಲ, ಅದೇ ಹೆಚ್ಚು ನೋವಾಯಿತು. ಈಗ ನಾನು ಮನುಷ್ಯರ ಮೊಣಕಾಲು ನೋಡುವ ಸಣ್ಣ ಕ್ಲಿನಿಕ್ ಒಂದರಲ್ಲಿದ್ದೇನೆ. ಮೊನ್ನೆ ಮಾವ ಮತ್ತೆ ಫೋನ್ ಮಾಡಿ, ಇನ್ನೊಂದು ಕೋಣ ಹಿಂಗಾಲು ಎಳೆಯುತ್ತಿದೆ ಎಂದರು. “ಮಾವ, ಗೊರಸು ಬಿಸಿ ಇದೆಯಾ ನೋಡಿ. ಮೊದಲು 1962ಕ್ಕೆ ಫೋನ್ ಮಾಡಿ, ಡಾಕ್ಟ್ರು ಬರಲಿ. ಆಮೇಲೆ ಅವರು ಹೇಳಿದರೆ ನಾನು ಬರುತ್ತೇನೆ” ಎಂದೆ.